ಕೊಂಡ ಹೋಳಿಗೆಗೆ ಕಟ್ಟು ಎಲ್ಲಿ?

ಹಬ್ಬದ ದಿನ ಎಲೆಯ ಮೇಲೆ ಬಂದು ಬೀಳುವ ಭಕ್ಷ್ಯಗಳನ್ನು ಎಣಿಸುವವರು ಬಹಳ ಮಂದಿ. ಅವು ಯಾವ ಪಾತ್ರೆಯಿಂದ, ಯಾರ ಕೈಯಿಂದ, ಯಾವ ಲೆಕ್ಕದಿಂದ ಬಂದುವೆಂದು ವಿಚಾರಿಸುವವರು ವಿರಳ. ಒಂದು ಮನೆಯ ಹಬ್ಬದ ಅಡುಗೆಯನ್ನು ಒಲೆ ಹೊತ್ತಿಸುವಲ್ಲಿಂದ ಎಲೆ ತೆಗೆಯುವವರೆಗೆ ಕುಳಿತು ನೋಡಿದವರಿಗೆ ಆ ಮನೆಯ ಸಂಸಾರವೇ ಅರ್ಥವಾಗುತ್ತದೆ. ಅದರಲ್ಲೂ ಮಳೆ ಕಡಮೆಯಾದ ಸೀಮೆಯ ಮನೆಯಾದರೆ ಅಲ್ಲಿನ ಹಬ್ಬದೂಟದಲ್ಲಿ ರುಚಿಯ ಜೊತೆಗೆ ಒಂದು ಜಾಣತನವೂ ಅಡಗಿರುತ್ತದೆ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿಗೆ ಸೇರಿದ ಪರಶುರಾಂಪುರದ ಕಡೆಯ ಯುಗಾದಿ ಅಂತಹದು.

ಪರಶುರಾಂಪುರದಿಂದ ಮೂಡಲಿಗೆ ಹೊರಟರೆ ಬೇಗನೆ ಆಂಧ್ರದ ಅನಂತಪುರದ ಸೀಮೆ ಸಿಕ್ಕುತ್ತದೆ. ಕನ್ನಡ ತೆಲುಗುಗಳೆರಡೂ ಒಂದೇ ಜಗಲಿಯ ಮೇಲೆ ಕುಳಿತು ಮಾತಾಡುವ ನಾಡು ಅದು. ರಾಜ್ಯದಲ್ಲಿಯೇ ಅತಿ ಕಡಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ಚಳ್ಳಕೆರೆಯೂ ಒಂದು. ವೇದಾವತಿ ನದಿ ಈ ಸೀಮೆಯಲ್ಲಿ ಹರಿಯುವುದೇನೋ ನಿಜ. ಆದರೆ 1907ರಲ್ಲಿ ಮೇಲುಗಡೆ ಹಿರಿಯೂರಿನ ಬಳಿ ವಾಣೀವಿಲಾಸ ಸಾಗರದ ಅಣೆಕಟ್ಟು ಪೂರ್ತಿಯಾದ ಮೇಲೆ 2025ರ ಜನವರಿಯವರೆಗೆ ಆ ಜಲಾಶಯ ಕೋಡಿ ಬಿದ್ದುದು 1933ರಲ್ಲೊಮ್ಮೆ, ಬಳಿಕ 2022ರಲ್ಲೊಮ್ಮೆ, ಮತ್ತೆ ಆ ಜನವರಿಯಲ್ಲೊಮ್ಮೆ ಮಾತ್ರ. ಹೀಗಾಗಿ ಎಷ್ಟೋ ವರ್ಷ ಇಲ್ಲಿನವರಿಗೆ ನದಿಯೆಂದರೆ ಮರಳೇ ಹೊರತು ನೀರಲ್ಲ. ಇಂತಹ ನೆಲ ಕೊಡುವುದು ಶೇಂಗಾ, ನವಣೆ, ಸಜ್ಜೆ, ರಾಗಿ, ಹುರುಳಿ, ತೊಗರಿ. ಒಂದು ಕಾಲಕ್ಕೆ ಚಳ್ಳಕೆರೆಯನ್ನು ಎರಡನೆಯ ಮುಂಬಯಿ ಎಂದು ಕರೆಯುವಂತೆ ಮಾಡಿದ್ದು ಇಲ್ಲಿನ ಶೇಂಗಾ ಮತ್ತು ಎಣ್ಣೆಯ ಗಿರಣಿಗಳೇ.

ಇಂತಹ ಕಡೆ ದಿನದ ಊಟ ಮುದ್ದೆ, ರೊಟ್ಟಿ, ನವಣೆಯ ಅನ್ನ. ಹಿಂದೆ ಬಿಳಿಯ ಅಕ್ಕಿಯ ಅನ್ನ ಬಡಿಸಿದರೆಂದರೆ ಅಂದು ಹಬ್ಬವೆಂದೋ ಬೀಗರು ಬಂದಿರುವರೆಂದೋ ಅರ್ಥ. ಈಗ ಲೆಕ್ಕ ತಲೆಕೆಳಗಾಗಿದೆ. ದಿನವೂ ಅಕ್ಕಿಯ ಅನ್ನ ಉಂಡು, ನವಣೆಯನ್ನು ಆರೋಗ್ಯಕ್ಕೆಂದು ಹೆಚ್ಚಿನ ಬೆಲೆ ಕೊಟ್ಟು ತರುವ ಕಾಲ ಬಂದಿದೆ. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಸಾರಿದಾಗ, ಈ ಕಡೆಯ ಮುದುಕಿಯರು ನಕ್ಕಿದ್ದರೆ ಆಶ್ಚರ್ಯವಿಲ್ಲ.

ಆದರೆ ಹೋಳಿಗೆ ಮಾತ್ರ ಅಂದೂ ಹಬ್ಬದ ಅಡುಗೆಯೇ, ಇಂದೂ ಹಬ್ಬದ ಅಡುಗೆಯೇ. ಮೈಸೂರಿನ ಕಡೆ ಅದು ಒಬ್ಬಟ್ಟು, ಗಡಿ ದಾಟಿ ಅನಂತಪುರಕ್ಕೆ ಹೋದರೆ ಓಳಿಗ, ಮಹಾರಾಷ್ಟ್ರದಲ್ಲಿ ಪುರಣಪೋಳಿ. ಹೆಸರು ಯಾವುದಾದರೂ ಈ ನಾಡುಗಳ ಗೃಹಿಣಿಯರೆಲ್ಲರೂ ಒಂದು ಉಪಾಯವನ್ನು ಮಾತ್ರ ಬಿಟ್ಟಿಲ್ಲ. ಬೇಳೆ ಬೆಂದ ನೀರನ್ನು ಅವರು ಚೆಲ್ಲುವುದಿಲ್ಲ. ಆ ನೀರಿಗೆ ಕಟ್ಟು ಎಂದು ಹೆಸರು. ಬೇಳೆಯಿಂದ ಹೂರಣ, ಕಟ್ಟಿನಿಂದ ಸಾರು. ಒಂದೇ ಪಾತ್ರೆ, ಒಂದೇ ಉರಿ, ಎರಡು ಅಡುಗೆ. ಮಹಾರಾಷ್ಟ್ರದವರು ಇದನ್ನೇ ಕಟಾಚಿ ಆಮಟಿ ಎನ್ನುತ್ತಾರೆ. ನೀರನ್ನೂ ಸೌದೆಯನ್ನೂ ಎಣಿಸಿ ಖರ್ಚು ಮಾಡಬೇಕಾದ ಸೀಮೆಗೆ ಇದಕ್ಕಿಂತ ಒಪ್ಪುವ ಹಬ್ಬದೂಟ ಇನ್ನೊಂದಿಲ್ಲ.

ಈ ಮಾತು ಎಷ್ಟು ನಿಜವೆಂಬುದು ಯುಗಾದಿಯ ಹಿಂದಿನ ಸಂಜೆ ಇಂತಹ ಯಾವುದಾದರೊಂದು ಮನೆಯಲ್ಲಿ ತಿಳಿದುಬರುತ್ತದೆ. ಮಗ ಸೊಸೆ ಇಬ್ಬರೂ ಬೆಂಗಳೂರಿನಲ್ಲಿ ಕೆಲಸದಲ್ಲಿರುವವರು ಎಂದು ಇಟ್ಟುಕೊಳ್ಳೋಣ. ಬಸ್ಸಿನಲ್ಲಿ ನಾಲ್ಕೈದು ಗಂಟೆ ಕುಳಿತು, ಮಗಳನ್ನು ಎಚ್ಚರಿಸಿಕೊಂಡು, ಊರಿನಲ್ಲಿ ಇಳಿಯುವ ಹೊತ್ತಿಗೆ ಸೊಸೆ ದಣಿದಿರುತ್ತಾಳೆ. ಅತ್ತೆಗೆ ವಯಸ್ಸಾಗಿದೆ, ಬೆರಳ ಗಂಟುಗಳು ಬಾತು, ಕಣಕ ನಾದುವುದಿರಲಿ ಚೊಂಬು ಎತ್ತುವುದೂ ಕಷ್ಟ. ಆದುದರಿಂದ ಸೊಸೆ ಯೋಚನೆ ಮಾಡಿಯೇ ಬಡಾವಣೆಯ ಹೋಳಿಗೆಯ ಅಂಗಡಿಯಿಂದ ನಲವತ್ತು ಹೋಳಿಗೆಗಳನ್ನು ಕಟ್ಟಿಸಿಕೊಂಡು ಬಂದಿದ್ದಾಳೆ. ಅದರಲ್ಲಿ ಅವಳ ತಪ್ಪೇನೂ ಇಲ್ಲ.

“ಅತ್ತೆ, ಈ ಸಲ ನೀವು ಒಲೆಯ ಮುಂದೆ ಕೂರುವುದು ಬೇಡ. ಹೋಳಿಗೆ ತಂದಿದ್ದೇನೆ. ನಾಳೆ ಅನ್ನ ಒಂದು ಮಾಡಿದರಾಯಿತು.”

ಅತ್ತೆ ಪೊಟ್ಟಣ ಬಿಚ್ಚಿ, ಒಂದನ್ನು ಎತ್ತಿ ದೀಪದ ಕಡೆಗೆ ಹಿಡಿದು ನೋಡಿದರು.

“ಚೆನ್ನಾಗಿವೆ ಕಣಮ್ಮ. ನನ್ನ ಕೈಯಲ್ಲಿ ಇಷ್ಟು ತೆಳುವಾಗಿ ಎಂದೂ ಬರಲಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದರು: “ಹಾಗಾದರೆ ಸಾರಿಗೆ ಕಟ್ಟು?”

ಸೊಸೆಗೆ ಉತ್ತರ ತೋಚಲಿಲ್ಲ. ಅಂಗಡಿಯವರು ಹೋಳಿಗೆಯನ್ನು ಮಾರುತ್ತಾರೆ. ಅದರ ಕಟ್ಟನ್ನು ಪೊಟ್ಟಣ ಕಟ್ಟಿಕೊಡುವುದಿಲ್ಲ.

“ತೊಗರಿಬೇಳೆ ಬೇಯಿಸಿ ಬೇರೆ ಸಾರು ಮಾಡೋಣ ಬಿಡಿ ಅತ್ತೆ.”

“ಮನೆಯವರಿಗಾದರೆ ಆದೀತು. ಪಕ್ಕದ ಮನೆಯಲ್ಲಿ ಈ ವರ್ಷ ಹಬ್ಬವಿಲ್ಲ, ನಿನಗೆ ಗೊತ್ತಲ್ಲ. ಮಕ್ಕಳು ನಮ್ಮ ಮನೆಯ ಕಡೆಯೇ ನೋಡುತ್ತಿರುತ್ತವೆ. ಹೋಳಿಗೆಯ ಸಾರು ಕಳಿಸುತ್ತೇನೆಂದು ನಾನು ಹೇಳಿಬಿಟ್ಟಿದ್ದೇನೆ.”

ಪ್ರಶ್ನೆ ಇದ್ದುದು ಇಲ್ಲಿ. ಸಾವು ಸಂಭವಿಸಿದ ಮನೆಯಲ್ಲಿ ವರ್ಷ ತುಂಬುವವರೆಗೆ ಹಬ್ಬದ ಒಲೆ ಹೊತ್ತುವುದಿಲ್ಲ; ನೆಂಟರೋ ನೆರೆಯವರೋ ಅಡುಗೆ ಕಳಿಸಿಕೊಡುವುದು ನಮ್ಮ ಹಳ್ಳಿಗಳ ರೂಢಿ. ಹೋಳಿಗೆಯನ್ನು ಎಣಿಸಿ ಹಂಚಬಹುದು. ಆದರೆ ಸಾರಿಗೆ ಎಣಿಕೆಯಿಲ್ಲ. ದೊಡ್ಡ ಪಾತ್ರೆಯಲ್ಲಿ ಕುದಿಯುವ ಸಾರು ಮನೆಯ ಏಳು ಮಂದಿಗೆ ಬಡಿಸಿದ ಮೇಲೂ ಹೊಲ ಕಾಯುವವನಿಗೆ, ಕುರಿ ಹೊಡೆದುಕೊಂಡು ಬಂದವನಿಗೆ, ಹಬ್ಬವಿಲ್ಲದ ಮನೆಗೆ, ಮಾರನೆಯ ದಿನದ ಮುದ್ದೆಗೆ ಆಗಿಬರುತ್ತದೆ. ಹೋಳಿಗೆ ಮನೆಯವರ ಸಂತೋಷವಾದರೆ, ಸಾರು ಆ ಸಂತೋಷ ಹೊಸಲು ದಾಟುವ ಹಾದಿ. ಅಂಗಡಿಯಿಂದ ಹೋಳಿಗೆ ಬಂದ ವರ್ಷ ಮೊದಲು ನಿಂತುಹೋಗುವುದು ಈ ಹಾದಿಯೇ.

ಸೊಸೆ ಕೈಕಾಲು ತೊಳೆದು ಬಂದು, ಸೆರಗು ಸಿಕ್ಕಿಸಿ, “ಎಷ್ಟು ಬೇಳೆ ನೆನೆಹಾಕಲಿ ಅತ್ತೆ?” ಎಂದಳು.

“ಎರಡು ಪಾವು.”

ಪಾವೆಂದರೆ ಸೇರಿನಲ್ಲಿ ಕಾಲುಭಾಗ. 1956ರ ಕಾನೂನಿನ ಫಲವಾಗಿ ಮೆಟ್ರಿಕ್ ಅಳತೆ ಬಂದು ಅಂಗಡಿಗಳಲ್ಲಿ ಸೇರು ಪಾವುಗಳು ಮಾಯವಾದರೂ ಅಡುಗೆಮನೆಯ ಡಬ್ಬಿಯಲ್ಲಿ ಹಿತ್ತಾಳೆಯ ಪಾವು ಇನ್ನೂ ಉಳಿದಿದೆ. ಹನ್ನೆರಡು ವರ್ಷದ ಮೊಮ್ಮಗಳು ಅಜ್ಜಿ ಅಳೆದುದನ್ನೆಲ್ಲ ತಕ್ಕಡಿಯ ಮೇಲಿಟ್ಟು ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದಳು. ಕನ್ನಡದಲ್ಲಿ ಪಾಕಶಾಸ್ತ್ರ ಬರೆಯುವ ಪದ್ಧತಿ ಹೊಸದಲ್ಲ. 1025ರ ಸುಮಾರಿನಲ್ಲಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಅಡುಗೆಗೆಂದೇ ಭಾಗವಿತ್ತು, ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನೇ ರಚಿಸಿದ. ಆದರೆ ಆ ಗ್ರಂಥಗಳು ಮನೆಯ ಒಲೆಯ ತನಕ ಬಂದುದು ಅಪರೂಪ. ಅಲ್ಲಿ ಅತ್ತೆಯ ಹಿಡಿಯೇ ಅಳತೆ, ಅತ್ತೆಯ ಬೆರಳೇ ಪರೀಕ್ಷೆ. ಆ ಹಿಡಿ ಸಡಿಲವಾಗುವ ಮೊದಲು ಅದನ್ನು ಯಾರಾದರೂ ತೂಗಿ ಬರೆದಿಟ್ಟರೆ ಮನೆಗೆ ದೊಡ್ಡ ಉಪಕಾರ. ಆ ಪುಸ್ತಕದಲ್ಲಿ ಬರೆದುಕೊಂಡ ಕ್ರಮ ಇತರ ಗೃಹಿಣಿಯರಿಗೂ ಉಪಯೋಗಕ್ಕೆ ಬಂದೀತು.

ಇಪ್ಪತ್ತೈದು ಹೋಳಿಗೆಗೆ ಕಡಲೆಬೇಳೆ ಅರ್ಧ ಕಿಲೋ ಬೇಕು. ತೊಗರಿಬೇಳೆಯಾದರೂ ಆಗಬಹುದು, ಮೈಸೂರಿನ ಕಡೆಯವರಿಗೆ ತೊಗರಿ ಹಿತ, ಧಾರವಾಡದ ಕಡೆಯವರಿಗೆ ಕಡಲೆ ಹಿತ. ಬೇಳೆಯನ್ನು ತೊಳೆದು ಅರ್ಧ ಗಂಟೆ ನೆನೆಯಿಟ್ಟು, ಎರಡೂವರೆ ಲೀಟರು ನೀರು ಕುದಿಯುವಾಗ ಹಾಕಿ, ಚಿಟಿಕೆ ಅರಿಸಿನ, ಒಂದು ಚಮಚ ಎಣ್ಣೆ ಸೇರಿಸಬೇಕು. ಕಟ್ಟು ಧಾರಾಳವಾಗಿ ಬೇಕಾದುದರಿಂದ ನೀರು ಹೆಚ್ಚೇ ಇರಲಿ. ಕುಕ್ಕರಿಗಿಂತ ತೆರೆದ ಪಾತ್ರೆ ಮೇಲು. ಕುಕ್ಕರಿನಲ್ಲಿ ಬೇಳೆ ಕರಗಿ ಕಟ್ಟಿನೊಡನೆ ಬೆರೆತುಹೋದರೆ ಹೂರಣವೂ ಕೆಟ್ಟಿತು, ಸಾರೂ ಗೊಜ್ಜಾಯಿತು.

ಇಲ್ಲಿ ನೀರಿನ ವಿಷಯವಾಗಿ ಒಂದು ಮಾತು. ಆಳವಾದ ಕೊಳವೆಬಾವಿಯ ಗಡಸು ನೀರಿನಲ್ಲಿ ಬೇಳೆ ಎಷ್ಟು ಹೊತ್ತಾದರೂ ಬೇಯುವುದಿಲ್ಲವೆಂದು ಬಯಲುಸೀಮೆಯ ಹೆಂಗಸರು ಹೇಳುವುದುಂಟು. ಅದು ಸುಳ್ಳಲ್ಲ. ನೀರಿನಲ್ಲಿರುವ ಸುಣ್ಣದ ಅಂಶ ಬೇಳೆಯ ಕಣಗಳನ್ನು ಹಿಡಿದಿಟ್ಟಿರುವ ಅಂಟಿನೊಡನೆ ಕೂಡಿ ಅದನ್ನು ಇನ್ನಷ್ಟು ಗಟ್ಟಿ ಮಾಡುತ್ತದೆ. ಹಿಡಿದಿಟ್ಟ ಮಳೆನೀರೋ, ಶುದ್ಧೀಕರಿಸಿ ತಂದ ಮೆದು ನೀರೋ ಇದ್ದರೆ ಬೇಳೆಗೆ ಅದನ್ನೇ ಬಳಸುವುದು ಜಾಣತನ. ಇದೇ ಕಾರಣದಿಂದ ಬೇಳೆ ಪೂರ್ಣವಾಗಿ ಬೇಯುವ ಮುನ್ನ ಅದಕ್ಕೆ ಬೆಲ್ಲವನ್ನಾಗಲಿ ಹುಣಿಸೆಯನ್ನಾಗಲಿ ತೋರಿಸಬಾರದು; ಎರಡೂ ಬೇಳೆಯನ್ನು ಮೆದುವಾಗಗೊಡುವುದಿಲ್ಲ.

ಬೇಳೆಯೊಂದನ್ನು ಬೆರಳುಗಳ ನಡುವೆ ಒತ್ತಿದರೆ ನುಣ್ಣಗೆ ಅಪ್ಪಚ್ಚಿಯಾಗಬೇಕು, ಆದರೆ ಪಾತ್ರೆಯಲ್ಲಿ ಕಾಳು ಕಾಳಾಗಿಯೇ ಇರಬೇಕು. ಅದೇ ಹದ. ಅತ್ತೆ ನಾದಲಾರದಿದ್ದರೂ ಈ ಪರೀಕ್ಷೆಗೆ ಅವರ ಬೆರಳೇ ಬೇಕಾಯಿತು. “ಇನ್ನೂ ಸ್ವಲ್ಪ,” ಎಂದು ಎರಡು ಸಲ ಹೇಳಿ, ಮೂರನೆಯ ಸಲ ತಲೆದೂಗಿದರು. ಆಗ ಬೇಳೆಯನ್ನು ಬಸಿದು, ಕಟ್ಟನ್ನು ಜೋಪಾನವಾಗಿ ತೆಗೆದಿಟ್ಟು, ಸಾರಿಗೆಂದು ಒಂದು ಹಿಡಿ ಬೆಂದ ಬೇಳೆಯನ್ನೂ ಬದಿಗಿಟ್ಟರು.

ಉಳಿದ ಬೇಳೆಗೆ ಸುಮಾರು ನಾನೂರೈವತ್ತು ಗ್ರಾಂ ಪುಡಿಮಾಡಿದ ಬೆಲ್ಲ ಸೇರಿಸಿ ಸಣ್ಣ ಉರಿಯಲ್ಲಿ ಕೈಬಿಡದೆ ತಿರುವಬೇಕು. ಬೆಲ್ಲ ಕರಗಿ ಮೊದಲು ನೀರಾಗುತ್ತದೆ, ಹೆದರಬೇಕಾಗಿಲ್ಲ. ಮತ್ತೆ ಗಟ್ಟಿಯಾಗಿ ಪಾತ್ರೆಯ ತಳ ಬಿಡತೊಡಗಿದಾಗ ಇಳಿಸಿ, ಏಲಕ್ಕಿ ಪುಡಿ ಹಾಕಿ, ಬಿಸಿ ಆರುವ ಮುನ್ನ ನೀರು ಸೋಕಿಸದೆ ರುಬ್ಬಬೇಕು. ಕಣಕಕ್ಕೆ ಮುನ್ನೂರೈವತ್ತು ಗ್ರಾಂ ಮೈದಾ, ಇಲ್ಲವೆ ಅರ್ಧ ಮೈದಾ ಅರ್ಧ ಚಿರೋಟಿ ರವೆ. ಚಿಟಿಕೆ ಉಪ್ಪು, ಚಿಟಿಕೆ ಅರಿಸಿನ. ರೊಟ್ಟಿಯ ಹಿಟ್ಟಿಗಿಂತ ಮೆದುವಾಗಿ ಕಲಸಿ, ನಾಲ್ಕೈದು ಚಮಚ ಶೇಂಗಾ ಎಣ್ಣೆಯನ್ನು ಸ್ವಲ್ಪಸ್ವಲ್ಪವಾಗಿ ಕುಡಿಸುತ್ತ ನಾದಿ, ಎರಡು ಗಂಟೆ ಮುಚ್ಚಿಡಬೇಕು. ಎಳೆದರೆ ತುಂಡಾಗದೆ ಸಾಗುವಂತಿದ್ದರೆ ಕಣಕ ಸಿದ್ಧವೆಂದು ತಿಳಿಯಬಹುದು. ನಿಂಬೆಹಣ್ಣಿನ ಗಾತ್ರದ ಹೂರಣಕ್ಕೆ ಅದರ ಅರ್ಧಕ್ಕಿಂತ ಕಡಮೆ ಕಣಕ ಸಾಕು. ಬಾಳೆಯೆಲೆಯ ಮೇಲೆ ಎಣ್ಣೆ ಸವರಿ ಕೈಯಿಂದ ತಟ್ಟಿ, ಕಾದ ಹೆಂಚಿನ ಮೇಲೆ ಎರಡೂ ಬದಿ ಬೇಯಿಸಬೇಕು.

ಇನ್ನು ಸಾರು. ಮೂರು ಚಮಚ ಕೊತ್ತಂಬರಿ ಬೀಜ, ಒಂದು ಚಮಚ ಜೀರಿಗೆ, ಅರ್ಧ ಚಮಚ ಮೆಣಸು, ಆರೆಂಟು ಒಣಮೆಣಸಿನಕಾಯಿ, ಸಣ್ಣ ಚೂರು ಚಕ್ಕೆ, ಎರಡು ಲವಂಗ ಇಷ್ಟನ್ನು ಘಮ್ಮೆನ್ನುವವರೆಗೆ ಹುರಿದು, ನಾಲ್ಕು ಚಮಚ ತುರಿದ ಕೊಬ್ಬರಿ ಮತ್ತು ತೆಗೆದಿಟ್ಟ ಬೇಳೆಯೊಡನೆ ನುಣ್ಣಗೆ ರುಬ್ಬಬೇಕು. ಈರುಳ್ಳಿ ಬೆಳ್ಳುಳ್ಳಿ ಬಳಸುವ ಮನೆಗಳಲ್ಲಿ ಅವನ್ನು ಸುಟ್ಟು ಸೇರಿಸಿದರೆ ಪರಿಮಳ ಇಮ್ಮಡಿಯಾಗುತ್ತದೆ. ಈ ಮಸಾಲೆಯನ್ನು ಕಟ್ಟಿಗೆ ಬೆರೆಸಿ, ನಿಂಬೆಗಾತ್ರದ ಹುಣಿಸೆಯ ರಸ, ಉಪ್ಪು, ಒಂದು ನೆಲ್ಲಿಕಾಯಿಯಷ್ಟು ಹೂರಣ ಹಾಕಿ ಚೆನ್ನಾಗಿ ಕುದಿಸಿ, ಶೇಂಗಾ ಎಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಕೊಡಬೇಕು. ಖಾರ, ಹುಳಿ, ಸಿಹಿ ಮೂರೂ ನಾಲಗೆಯ ಮೇಲೆ ಒಂದಾದ ಮೇಲೊಂದು ಬಂದರೆ ಸಾರು ಕೂಡಿತೆಂದು ತಿಳಿಯಬೇಕು.

ಇಷ್ಟು ಕೆಲಸವನ್ನು ಹಿಂದೆ ಮಾಡುತ್ತಿದ್ದವರು ಯಾರು? ಹೆಂಗಸರು. ನಸುಕಿನಲ್ಲೆದ್ದು ಒಲೆ ಹೊತ್ತಿಸಿ, ಹೊಗೆಯಲ್ಲಿ ಕಣ್ಣೊರೆಸಿಕೊಂಡು, ಗಂಡಸರೂ ಮಕ್ಕಳೂ ನೆಂಟರೂ ಉಂಡೆದ್ದ ಮೇಲೆ ಹೊತ್ತು ಇಳಿಯುವಾಗ ತಳದಲ್ಲಿ ಉಳಿದುದನ್ನು ಉಣ್ಣುತ್ತಿದ್ದವರೂ ಅವರೇ. ಆ ಕಾಲವನ್ನು ಹೊಗಳಿ, ಅಂಗಡಿಯ ಹೋಳಿಗೆ ತಂದ ಸೊಸೆಯನ್ನು ಹಳಿಯುವುದು ನ್ಯಾಯವಲ್ಲ. ಇದೇ ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯಲ್ಲಿ ನೆಲೆಸಿದ ತಿಪ್ಪೇರುದ್ರಸ್ವಾಮಿಗಳು ಈ ಬರದ ಸೀಮೆಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದೂ, ಕೆಲಸ ಮಾಡಿದವರಿಗೆ ಅವರವರ ದುಡಿಮೆಗೆ ತಕ್ಕಷ್ಟು ಕೂಲಿ ದೊರೆಯುತ್ತಿತ್ತೆಂದೂ ಪ್ರತೀತಿ. ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಅವರ ಮಾತು ಈ ಕಡೆ ಮನೆಮಾತು. ಫಾಲ್ಗುಣದಲ್ಲಿ ಅವರ ತೇರಿಗೆ ಲಕ್ಷಾಂತರ ಜನ ಸೇರುತ್ತಾರೆ. ಅದು ಮುಗಿದ ಕೆಲವೇ ದಿನಗಳಿಗೆ ಯುಗಾದಿ ಬರುತ್ತದೆ. ಜಾತ್ರೆಯಲ್ಲಿ ಕೇಳಿದ ಆ ಮಾತನ್ನು ಅಡುಗೆಮನೆಯ ಬಾಗಿಲಲ್ಲಿ ನೆನೆದವರು ಎಷ್ಟು ಮಂದಿ? ಮಾಡಿದಷ್ಟಕ್ಕೆ ತಕ್ಕ ಪಾಲು ಅಲ್ಲಿ ದುಡಿದವರಿಗೆ ಸಿಕ್ಕಿತೇ?

ಆ ರಾತ್ರಿ ಆ ಮನೆಯಲ್ಲಿ ಮಾತ್ರ ಅದು ಸ್ವಲ್ಪಮಟ್ಟಿಗೆ ಸಿಕ್ಕಿತು. ಅತ್ತೆ ಒಲೆಯ ಬಳಿ ಕುರ್ಚಿ ಹಾಕಿಕೊಂಡು ಕುಳಿತರು. ಹೂರಣ ತಿರುವುವ ಕೆಲಸ ತೋಳಿನ ಬಲ ಬೇಡುವಂತಹದಾದುದರಿಂದ ಅದು ಮಗನ ಪಾಲಿಗೆ ಬಂತು. “ಕೈ ಬಿಡಬೇಡವೋ, ತಳ ಹಿಡಿಯುತ್ತದೆ,” ಎಂದು ತಾಯಿ ಎಚ್ಚರಿಸಿದಾಗ, “ಆಗಲಮ್ಮ,” ಎಂದು ಬೆವರೊರೆಸಿಕೊಂಡು ತಿರುವಿದ. ಹಬ್ಬದ ಹೂರಣಕ್ಕೆ ಇಷ್ಟು ಶ್ರಮವುಂಟೆಂದು ನಲವತ್ತು ವರ್ಷ ಹೋಳಿಗೆ ತಿಂದವನಿಗೆ ಆ ದಿನ ತಿಳಿಯಿತು. ಮೊಮ್ಮಗಳು ಕೊಬ್ಬರಿ ತುರಿದಳು. ಸೊಸೆ ಕಣಕ ನಾದಿದಳು. ಹಬ್ಬದ ದಿನ ಬೇವುಬೆಲ್ಲವಾದ ಮೇಲೆ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರು. ಬಡಿಸಿದ ಪಾತ್ರೆಗಳನ್ನು ನಡುವೆಯೇ ಇಟ್ಟುಕೊಂಡು, ಬೇಕಾದವರು ಬೇಕಾದಷ್ಟು ಹಾಕಿಕೊಂಡರು. ಅತ್ತೆ ಬಿಸಿ ಹೋಳಿಗೆ ಉಂಡದ್ದು ಎಷ್ಟು ವರ್ಷಗಳ ಮೇಲೋ! ಕೊಂಡು ತಂದ ಹೋಳಿಗೆಗಳೂ ವ್ಯರ್ಥವಾಗಲಿಲ್ಲ. ಮನೆಯಲ್ಲಿ ತಟ್ಟಿದವು ದಪ್ಪ, ಅಂಚು ಸೊಟ್ಟ; ಅಂಗಡಿಯವು ನಯ. ಎರಡನ್ನೂ ತಟ್ಟೆಯಲ್ಲಿಟ್ಟು, ಮೇಲೆ ಬಾಳೆಯೆಲೆ ಮುಚ್ಚಿ, ತುಂಬಿದ ಸಾರಿನ ಪಾತ್ರೆಯೊಡನೆ ಮೊಮ್ಮಗಳೇ ಪಕ್ಕದ ಮನೆಗೆ ಕೊಂಡೊಯ್ದಳು.

ಸಾರಿನ ನಿಜವಾದ ರುಚಿ ಮಾರನೆಯ ದಿನಕ್ಕೆಂದು ತಿಳಿದವರು ಹೇಳುತ್ತಾರೆ. ರಾತ್ರಿಯೆಲ್ಲ ಮಸಾಲೆ ಕಟ್ಟಿನಲ್ಲಿ ಊರಿ, ಹುಳಿ ಖಾರಗಳ ಜಗಳ ತೀರಿ, ಬಿಸಿ ಮುದ್ದೆಗೋ ನವಣೆಯ ಅನ್ನಕ್ಕೋ ಅದು ಒಪ್ಪುವಷ್ಟು ಹಬ್ಬದ ದಿನದ ಅನ್ನಕ್ಕೂ ಒಪ್ಪುವುದಿಲ್ಲ. ಆದರೆ ಚೈತ್ರದ ಸೆಕೆಯಲ್ಲಿ ಸಾರು ಬೇಗ ಹಳಸುವುದರಿಂದ ರಾತ್ರಿ ಒಮ್ಮೆ, ಬೆಳಿಗ್ಗೆ ಒಮ್ಮೆ ಕಡ್ಡಾಯವಾಗಿ ಕುದಿಸಬೇಕು. ತಣ್ಣನೆಯ ಪೆಟ್ಟಿಗೆಯಿರುವ ಮನೆಗಳಲ್ಲಿಯೂ ಆರಿದ ಕೂಡಲೇ ಒಳಗಿಡುವುದು ಕ್ಷೇಮ. ಉಳಿದ ಹೋಳಿಗೆಯನ್ನು ಹೆಂಚಿನ ಮೇಲೆ ತುಪ್ಪ ಹಾಕಿ ಗರಿಗರಿಯಾಗುವಂತೆ ಬಿಸಿಮಾಡಿದರೆ ಮಕ್ಕಳು ಮತ್ತೊಮ್ಮೆ ಹಬ್ಬವೆಂದುಕೊಳ್ಳುತ್ತಾರೆ.

ಮರುದಿನ ಸಂಜೆ ಚಂದ್ರದರ್ಶನ. ಈ ಸೀಮೆಯಲ್ಲಿ ಯುಗಾದಿ ಪೂರ್ತಿಯಾಗುವುದು ಪಡುವಣ ಬಾನಿನಲ್ಲಿ ನೂಲಿನಂತಹ ಚಂದ್ರನನ್ನು ಕಂಡು ಹಿರಿಯರಿಗೆ ನಮಸ್ಕರಿಸಿದ ಮೇಲೆಯೇ. ಎಲ್ಲರೂ ಅಂಗಳದಲ್ಲಿ ನಿಂತು ಮುಗಿಲು ಹುಡುಕುತ್ತಿದ್ದಾಗ ಪಕ್ಕದ ಮನೆಯ ಹುಡುಗ ಬೆಳಗಿದ ಪಾತ್ರೆಯನ್ನು ಹಿಡಿದುಕೊಂಡು ಬಂದ. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬುದು ನಮ್ಮ ಹೆಂಗಸರ ಹಳೆಯ ನಿಯಮ. ಹಬ್ಬವಿಲ್ಲದ ಮನೆಯವರೂ ಅದನ್ನು ಮೀರಿರಲಿಲ್ಲ. ಪಾತ್ರೆಯ ತಳದಲ್ಲಿ ಎರಡು ಹಿಡಿ ಶೇಂಗಾ ಇತ್ತು.

“ಅಜ್ಜಿ, ಸಾರು ಚೆನ್ನಾಗಿತ್ತಂತೆ. ಅಮ್ಮ ಹೇಳು ಅಂದಳು,” ಎಂದ ಹುಡುಗ.

ಅತ್ತೆ ಶೇಂಗಾವನ್ನು ಮೊಮ್ಮಗಳ ಉಡಿಗೆ ಸುರಿದರು. ಮೊಮ್ಮಗಳು ಒಳಗೆ ಓಡಿ, ಪುಸ್ತಕ ತೆರೆದು, ಸಾರಿನ ಅಳತೆಯ ಕೆಳಗೆ ಇನ್ನೊಂದು ಸಾಲು ಸೇರಿಸಿದಳು: ‘ಮನೆಯವರಿಗೆ ಬೇಕಾದುದಕ್ಕಿಂತ ಒಂದು ಪಾತ್ರೆ ಹೆಚ್ಚು.’